ಕನ್ನಡಿ ಹಿಂದಿನ ಗೀರು

"ಎಲ್ಲಾ ಡಬ್ಬಿಗೆ ಹಾಕಿದ್ಯೇನೇ?" ಪೈಪು ಹಿಡಿದುಕೊಂಡೇ ಅಪ್ಪ ಕೂಗಿ ಕೇಳಿದ.

"ಹೂಂ, ಹಾಕ್ದೆ," ಎಂದಳು ಇಲಿಮರಿ. ಹಾಗೆ ಹೇಳುವಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

ಅಪ್ಪ ತಿರುಗಿ ನೋಡಲಿಲ್ಲ. ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿದುಹೋಗುತ್ತಿತ್ತು, ನಾವೆಲ್ಲ ನಮ್ಮ ನಮ್ಮ ಮನೆಗೆ ಹೋಗಬಹುದಿತ್ತು.

ಇಲಿಮರಿ ಅಂದರೆ ಇಲಿಯ ಮರಿಯಲ್ಲ, ಐದನೇ ಕ್ಲಾಸಿನ ಹುಡುಗಿ. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಒಳ್ಳೆಯ ಹೆಸರಿತ್ತು. ಆದರೆ ಎಂಥ ಸಂದಿಯಲ್ಲೂ ತೂರುವ ಸಣ್ಣ ಕೈ ನೋಡಿ ಅಪ್ಪ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಮನೆಯ ಮುಂದಿನ ಶೆಡ್ಡಿನಲ್ಲಿ ಅಪ್ಪ ಮತ್ತು ಅಜ್ಜಿ ಕಾರು ತೊಳೆಯುತ್ತಿದ್ದರು. ಶಾಲೆಗೆ ರಜೆ ಇದ್ದರೆ ಅವಳೂ ಸೇರಿಕೊಳ್ಳುತ್ತಿದ್ದಳು.

ಡಬ್ಬಿ ಅಂದರೆ ಶೆಡ್ಡಿನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದ ಹಳೇ ಬಿಸ್ಕತ್ತಿನ ಡಬ್ಬಿ. ಕಾರು ಮುಟ್ಟುವ ಮೊದಲು ವಾಚು, ಉಂಗುರ, ಬಳೆ, ಬೀಗದ ಕೈ, ಮೈಮೇಲೆ ಏನೇ ಗಟ್ಟಿ ವಸ್ತು ಇದ್ದರೂ ಅದರೊಳಕ್ಕೆ ಹೋಗಬೇಕು. ಕಾರಿನ ಬಣ್ಣಕ್ಕೆ ಅವು ತಾಗಿದರೆ ಗೀರು ಬಿದ್ದಿತೆಂದೇ ಲೆಕ್ಕ. ಅಪ್ಪನ ಬೆಲ್ಟು ಕೂಡ ಡಬ್ಬಿಗೇ. ಆಮೇಲೆ ದಿನವಿಡೀ ಒಂದು ಕೈಯಲ್ಲಿ ಪ್ಯಾಂಟು ಮೇಲಕ್ಕೆಳೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಕಾರು ತೊಳೆಯುತ್ತಿದ್ದ.

ಅಜ್ಜಿ ಬೆರಳಿಗೆ ಸೋಪು ಸವರಿ, ತಿರುವಿ ತಿರುವಿ ಉಂಗುರ ತೆಗೆದು ಹಾಕುತ್ತಿದ್ದಳು. ಡಬ್ಬಿ 'ಟಿಣ್' ಅನ್ನುತ್ತಿತ್ತು. ಅದು ಅಜ್ಜ ಕೊಟ್ಟ ಉಂಗುರ. ಅಜ್ಜ ಈಗ ಇರಲಿಲ್ಲ.

ಇಲಿಮರಿ ಬೆನ್ನ ಹಿಂದೆ ಬಚ್ಚಿಟ್ಟದ್ದು ಒಂದು ಫ್ರೆಂಡ್‌ಶಿಪ್ ಬ್ಯಾಂಡ್. ನೀಲಿ ದಾರ, ಅದರಲ್ಲಿ ಪೋಣಿಸಿದ ಮೂರು ಪುಟ್ಟ ತಗಡಿನ ನಕ್ಷತ್ರ. ಹಿಂದಿನ ದಿನ ಲಂಚ್ ಬ್ರೇಕಿನಲ್ಲಿ ಅವಳ ಗೆಳತಿ ಜುಟ್ಟು ಅದನ್ನು ಕಟ್ಟಿದ್ದಳು. ತಲೆ ಮೇಲೆ ಕಾರಂಜಿಯಂತೆ ಚಿಮ್ಮುವ ಕೂದಲಿನಿಂದಾಗಿ ಕ್ಲಾಸಿಗೆಲ್ಲ ಅವಳು ಜುಟ್ಟು.

"ಸ್ನಾನ ಮಾಡುವಾಗ್ಲೂ ಬಿಚ್ಚಬಾರ್ದು. ಯಾರು ಫಸ್ಟ್ ಬಿಚ್ತಾರೋ ಅವರು ಫ್ರೆಂಡೇ ಅಲ್ಲ. ಪ್ರಾಮಿಸ್?" ಎಂದಿದ್ದಳು ಜುಟ್ಟು.

"ಪ್ರಾಮಿಸ್," ಎಂದಿದ್ದಳು ಇಲಿಮರಿ.

ಪ್ರಾಮಿಸ್ ಮಾಡಿ ಒಂದು ದಿನ ಕೂಡ ಆಗಿರಲಿಲ್ಲ. ಇಷ್ಟು ಬೇಗ ಬಿಚ್ಚೋದು ಹೇಗೆ? ಅವಳು ಬ್ಯಾಂಡನ್ನು ಮೇಲಕ್ಕೆ ತಳ್ಳಿ ಉದ್ದ ತೋಳಿನ ಶರ್ಟಿನೊಳಗೆ ಮುಚ್ಚಿಕೊಂಡಳು.

ಅವತ್ತು ಬಂದಿದ್ದು ಕರಿ ಕಾರು, ಅದೂ ಶಾಲೆಯ ಮ್ಯೂಸಿಕ್ ಮಿಸ್ಸಿನದು. ಮಿಸ್ಸು ಕಾರು ಬಿಟ್ಟು ರೈಲು ಹತ್ತಿ ಅಕ್ಕನ ಮನೆಗೆ ಹೋಗಿದ್ದರು, ಭಾನುವಾರ ಸಂಜೆ ಬಂದು ತಗೊಂಡು ಹೋಗುತ್ತೇನೆ ಎಂದಿದ್ದರು. ಕರಿ ಕಾರು ಅಂದರೆ ಅಪ್ಪನಿಗೂ ಒಳಗೊಳಗೇ ಅಳುಕು. ಬಿಳಿ ಕಾರು ಗುಟ್ಟು ಮುಚ್ಚಿಟ್ಟುಕೊಳ್ಳುತ್ತದೆ. ಕರಿ ಕಾರು ಚಾಡಿಕೋರ. ಕೂದಲೆಳೆಯಷ್ಟು ಗೀರು ಬಿದ್ದರೂ ಊರಿಗೆಲ್ಲ ತೋರಿಸುತ್ತದೆ.

ಪೈಪು ಹಿಡಿದು ನೀರು ಹೊಡೆಯುವುದು, ಬಾನೆಟ್ಟು, ಬಾಗಿಲು ಎಲ್ಲ ಅಪ್ಪನ ಪಾಲಿಗೆ. ಅಜ್ಜಿಯ ಪಾಲಿಗೆ ಸಂದಿ ಕೆಲಸ. ಮುಂದಿನ ಜಾಲರಿಯ ಒಳಮೂಲೆ, ಬಾಗಿಲ ಹಿಡಿಕೆಯ ಹಿಂಬದಿ, ಪೆಟ್ರೋಲ್ ಮುಚ್ಚಳದ ಸುತ್ತ, ನಂಬರ್ ಪ್ಲೇಟಿನ ಅಂಚು. ಅಪ್ಪನ ದಪ್ಪ ಬೆರಳು ಹೋಗದ ಕಡೆಯೆಲ್ಲ ಅಜ್ಜಿಯ ರಾಜ್ಯ. ಪುಟ್ಟ ಸ್ಟೂಲಿನ ಮೇಲೆ ಕೂತು ಕಾರಿನ ಸುತ್ತ ನಿಧಾನವಾಗಿ ಜರುಗುತ್ತಾ ಹೋಗುತ್ತಿದ್ದಳು.

ಅಜ್ಜಿಯ ಚೀಲದಲ್ಲಿ ಅವಳ ಸಾಮಾನು ಇರುತ್ತಿತ್ತು: ಕಡ್ಡಿಗೆ ಸುತ್ತಿದ ಹತ್ತಿ, ಹಳೇ ಬನಿಯನ್ನಿನ ಉದ್ದುದ್ದ ಪಟ್ಟಿ, ಚಿತ್ರ ಬಿಡಿಸುವ ಮೆತ್ತನೆ ಬ್ರಷ್ಷುಗಳು. ಬ್ರಷ್ಷಿನ ಕೂದಲನ್ನು ಹಿಡಿದಿರುವ ತಗಡಿನ ಪಟ್ಟಿ ಇರುತ್ತದಲ್ಲ, ಅದರ ಮೇಲೆಲ್ಲ ಅಜ್ಜಿ ಬಟ್ಟೆಯ ಟೇಪು ಸುತ್ತಿದ್ದಳು. ಇಲ್ಲದಿದ್ದರೆ ಕೂದಲು ಮೆತ್ತಗಿದ್ದು ಏನು ಬಂತು, ತಗಡು ಬಣ್ಣ ಕೆರೆಯುತ್ತದೆ.

"ಮೊದ್ಲು ಏನು?" ಅಜ್ಜಿ ಕೇಳಿದಳು.

"ನೀರು," ಎಂದಳು ಇಲಿಮರಿ.

"ಆಮೇಲೆ?"

"ಇನ್ನೂ ನೀರು."

"ಯಾಕೆ?"

"ಸಂದೀಲಿ ಮರಳು ಕೂತಿರತ್ತೆ. ಅದರ ಮೇಲೇ ಉಜ್ಜಿದ್ರೆ ಗೀರು ಬೀಳತ್ತೆ."

"ಬಟ್ಟೆ ನೆಲಕ್ಕೆ ಬಿದ್ರೆ?"

"ಇನ್ನು ಅದು ಟೈರಿಗೆ ಮಾತ್ರ."

"ಪರವಾಗಿಲ್ಲ, ಶಾಲೆ ಪಾಠಕ್ಕಿಂತ ಚೆನ್ನಾಗಿ ಒಪ್ಪಿಸ್ತೀಯ," ಎಂದು ಅಜ್ಜಿ ನಕ್ಕಳು. ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಜಾಲರಿಯತ್ತ ಬಗ್ಗಿದಳು.

ಆ ಕನ್ನಡಕದ್ದೇ ಒಂದು ಚಿಂತೆ. ಕಳೆದ ವಾರ ಯಾರದೋ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ ಸೋಪು ಹಾಗೇ ಉಳಿದು ಬೆಳ್ಳಗೆ ಒಣಗಿತ್ತು. ಅಜ್ಜಿಗೆ ಅದು ಕಂಡಿರಲಿಲ್ಲ. ಗಿರಾಕಿ ನಕ್ಕು ಸುಮ್ಮನಾದರೂ ಅಪ್ಪ ಆಮೇಲೆ ಮೆಲ್ಲಗೆ ಹೇಳಿದ್ದ: "ಅಮ್ಮಾ, ಕಣ್ಣು ಕಾಣ್ದೇ ಇದ್ರೆ ಬಿಟ್ಬಿಡಮ್ಮ. ಇನ್ನೊಬ್ಬರ ಕಾರು. ಏನಾದ್ರೂ ಆದ್ರೆ ಕಷ್ಟ."

"ಗೀರು ಬಿದ್ದ ದಿನ ನಾನೇ ಬಿಡ್ತೀನಿ. ನೀನು ಹೇಳೋದು ಬೇಡ," ಎಂದಿದ್ದಳು ಅಜ್ಜಿ. ಅವತ್ತು ರಾತ್ರಿ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರಿ ಕಾರು ಫಳಫಳ ಹೊಳೆಯತೊಡಗಿತು. ಅಜ್ಜಿ ಸೈಡ್ ಮಿರರಿನ ಹಿಂದೆ ಬ್ರಷ್ಷು ಆಡಿಸಿ, ಬಕೆಟ್ಟಿನ ನೀರು ಬದಲಾಯಿಸಲು ಎದ್ದು ಹೋದಳು. ಇಲಿಮರಿ ಬಗ್ಗಿ ನೋಡಿದಳು. ಕನ್ನಡಿಗೂ ಬಾಗಿಲಿಗೂ ನಡುವಿನ ಇಕ್ಕಟ್ಟಿನಲ್ಲಿ ಒಣಗಿದ ಎಲೆಯ ಚೂರೊಂದು ಇನ್ನೂ ಅಂಟಿಕೊಂಡಿತ್ತು.

'ಅಜ್ಜಿಗೆ ಕಂಡಿಲ್ಲ. ಅಪ್ಪ ನೋಡೋಕೆ ಮುಂಚೆ ತೆಗೆದುಬಿಡ್ತೀನಿ,' ಅಂದುಕೊಂಡಳು. ಅವಳ ಮನಸ್ಸಿನಲ್ಲಿದ್ದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ.

ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಸಂದಿಯೊಳಗೆ ತೂರಿಸಿದಳು. ಹೋದ ವರ್ಷ ಸರಾಗವಾಗಿ ಹೋಗುತ್ತಿದ್ದ ಕೈ ಈಗ ಬಿಗಿಯಾಯಿತು. ಸ್ವಲ್ಪ ಒತ್ತಿದಳು. ಶರ್ಟಿನ ತೋಳು ಹಿಂದಕ್ಕೆ ಸರಿಯಿತು. ಬ್ಯಾಂಡು ಮುಂದಕ್ಕೆ ಜಾರಿತು.

'ಕರ್' ಅಂತು.

ಕೈ ಎಳೆದುಕೊಂಡಳು. ಎಲೆ ಬಂದಿತ್ತು. ಆದರೆ ಅದು ಇದ್ದ ಜಾಗದ ಪಕ್ಕದಲ್ಲೇ, ಕರಿ ಬಣ್ಣದ ಮೇಲೆ, ಕೂದಲೆಳೆಯಂಥ ಬಿಳಿ ಗೆರೆಗಳು. ಸೋಪಿನ ನೊರೆ ಇರಬೇಕು ಎಂದು ಬಟ್ಟೆಯಿಂದ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು. ಗೆರೆಗಳು ಅಲ್ಲೇ ಇದ್ದವು.

ತೋಳನ್ನು ಎಳೆದು ಬ್ಯಾಂಡು ಮುಚ್ಚಿಕೊಂಡು, ಏನೂ ಆಗಿಲ್ಲ ಎಂಬಂತೆ ಹಿಂದಿನ ಟೈರಿನ ಹತ್ತಿರ ಹೋಗಿ ಕೂತಳು. ಆಗಲೇ ತೊಳೆದು ಮುಗಿದಿದ್ದ ಆ ಟೈರನ್ನು ಮತ್ತೊಮ್ಮೆ ಉಜ್ಜತೊಡಗಿದಳು.

ಚಾಡಿಕೋರ ಕಾರು ಸುಮ್ಮನಿರುತ್ತದೆಯೇ? ನೀರು ಒರೆಸುತ್ತಾ ಬಂದ ಅಪ್ಪ ಕನ್ನಡಿಯ ಹತ್ತಿರ ನಿಂತುಬಿಟ್ಟ.

"ಇದೇನಿದು?"

ಅಜ್ಜಿ ಎದ್ದು ಬಂದಳು. ಕನ್ನಡಕ ಏರಿಸಿದಳು, ಇಳಿಸಿದಳು, ಅವಳಿಗೆ ಏನೂ ಕಾಣಲಿಲ್ಲ. ಅಪ್ಪ ಅವಳ ಬೆರಳು ಹಿಡಿದು ಆ ಜಾಗಕ್ಕೆ ಮುಟ್ಟಿಸಿದ.

ಅಜ್ಜಿಯ ಮುಖ ಬಾಡಿಹೋಯಿತು. "ಇಲ್ಲಿ ಬ್ರಷ್ ಹಾಕಿದ್ದು ನಾನೇ," ಎಂದು ಚೀಲದಿಂದ ಬ್ರಷ್ಷು ತೆಗೆದಳು. ನೀರಿನಲ್ಲಿ ನೆಂದು ನೆಂದು ಟೇಪಿನ ತುದಿ ಬಿಟ್ಟುಕೊಂಡಿತ್ತು. ಅಂಚಿನಲ್ಲಿ ತಗಡು ಇಣುಕುತ್ತಿತ್ತು. "ಬಿಚ್ಕೊಂಡಿದೆ ನೋಡು. ನಂಗೆ ಕಾಣ್ಲೇ ಇಲ್ಲ."

ಅಪ್ಪ ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹೋಗ್ಲಿ ಬಿಡಮ್ಮ," ಎಂದ. "ಮಿಸ್ಸಿಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀಯ?"

"ನಮ್ಮಮ್ಮಂಗೆ ವಯಸ್ಸಾಯ್ತು, ಕೈ ತಪ್ತು ಅಂತ. ಇನ್ನೇನು ಹೇಳ್ಲಿ?"

ಅಜ್ಜಿ ತಲೆಯಾಡಿಸಿದಳು. ಕೈ ಒರೆಸಿಕೊಂಡು, ಡಬ್ಬಿಯಿಂದ ಉಂಗುರ ತೆಗೆದು ಬೆರಳಿಗೇರಿಸಿಕೊಂಡು, ಇನ್ನೂ ಬಿಸಿಲಿರುವಾಗಲೇ ಮನೆಯೊಳಗೆ ಹೋದಳು. ಸ್ಟೂಲು ಅಲ್ಲೇ ಉಳಿಯಿತು.

ಇಲಿಮರಿ ಬಾಯಿ ತೆರೆದಳು. ಆದರೆ ಹೇಳಿದರೆ ಸುಳ್ಳು ಹೇಳಿದ್ದೂ ಹೊರಬೀಳುತ್ತದೆ. ಬ್ಯಾಂಡು ಬಿಚ್ಚಬೇಕಾಗುತ್ತದೆ. ಜುಟ್ಟು ಮಾತು ಬಿಡುತ್ತಾಳೆ. ಮಿಸ್ಸು ಸೋಮವಾರ ಇಡೀ ಕ್ಲಾಸಿನ ಮುಂದೆ ನಿಲ್ಲಿಸಬಹುದು. 'ಆಮೇಲೆ ಹೇಳ್ತೀನಿ,' ಅಂದುಕೊಂಡಳು. ಆಮೇಲೆ ಸಂಜೆಯಾಯಿತು. ಊಟದ ಹೊತ್ತಾಯಿತು. ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದ ಅಮ್ಮ, ನರ್ಸ್ ಅಲ್ಲವೇ, ಅವಳ ಹಣೆ ಮುಟ್ಟಿ ನೋಡಿ, "ಜ್ವರ ಏನಿಲ್ಲ. ಮತ್ಯಾಕೆ ಮುಖ ಹಿಂಗಿದೆ?" ಎಂದಳು.

ಬೆಳಿಗ್ಗೆ ಇಲಿಮರಿ ಎದ್ದು ಬಂದರೆ, ಅಜ್ಜಿ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಕೆಲಸದ ಹಳೇ ಬಟ್ಟೆಯಲ್ಲ, ಹೊರಗೆ ಹೋಗುವಾಗ ಉಡುವ ಒಳ್ಳೆಯ ಸೀರೆ ಉಟ್ಟಿದ್ದಳು. ಬೆರಳಲ್ಲಿ ಉಂಗುರ ಹಾಗೇ ಇತ್ತು. ಶೆಡ್ಡಿನ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

"ಬಾರೇ ಇಲ್ಲಿ," ಎಂದು ಕುರ್ಚಿಯ ಕೆಳಗಿನಿಂದ ತನ್ನ ಚೀಲವನ್ನೆತ್ತಿ, ಪಕ್ಕದಲ್ಲಿ ಬಂದು ಕೂತ ಇಲಿಮರಿಯ ತೊಡೆಯ ಮೇಲಿಟ್ಟಳು. "ಇನ್ಮೇಲೆ ಇದು ನಿಂದು."

"ನಂಗ್ಯಾಕಜ್ಜಿ?"

"ನಿನ್ನ ಕಣ್ಣು ಚುರುಕಾಗಿದೆ. ಎಲ್ಲಾ ಬ್ರಷ್ಷಿಗೂ ಹೊಸ ಟೇಪ್ ಸುತ್ತಿದೀನಿ ನೋಡು, ಎರಡೆರಡು ಸುತ್ತು. ನನ್ನ ತರ ನಿನ್ನ ಕೈ ತಪ್ಪಬಾರ್ದು."

ಇಲಿಮರಿ ಒಂದು ಬ್ರಷ್ಷನ್ನು ತೆಗೆದಳು. ಟೇಪು ಒಂಚೂರೂ ಸುಕ್ಕಿಲ್ಲದೆ ಬಿಗಿಯಾಗಿ ಕೂತಿತ್ತು. ಕಣ್ಣಿಗೆ ಕಾಣದ್ದನ್ನು ಅಜ್ಜಿ ಬೆರಳಲ್ಲೇ ತಡವಿ ತಡವಿ ಸುತ್ತಿದ್ದಳು. ಇಲಿಮರಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ದಳದಳ ನೀರು ಬಂತು.

"ಅಜ್ಜಿ, ಅದು ಬ್ರಷ್ ಅಲ್ಲ."

"ಯಾವ್ದು?"

"ಗೀರು. ಬ್ರಷ್ಷಿಂದ ಆಗಿದ್ದಲ್ಲ. ನಾನು ಡಬ್ಬಿಗೆ ಹಾಕಿರ್ಲಿಲ್ಲ." ತೋಳನ್ನು ಮೇಲೆಳೆದು ಕೈಯನ್ನು ಅಜ್ಜಿಯ ಮುಂದೆ ಹಿಡಿದಳು. "ಇದು."

ಅಜ್ಜಿ ಬಟಾಣಿಯ ಬುಟ್ಟಿ ಕೆಳಗಿಟ್ಟಳು. ಬ್ಯಾಂಡನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಒಂದು ನಕ್ಷತ್ರ, ಎರಡು, ಮೂರು. ಆಮೇಲೆ ಎದ್ದು ನೇರ ಶೆಡ್ಡಿಗೆ ಹೋದಳು. ಇಲಿಮರಿ ಮೂಗು ಒರೆಸಿಕೊಳ್ಳುತ್ತಾ ಹಿಂದೆಯೇ ಹೋದಳು. ಅಜ್ಜಿ ಕನ್ನಡಿಯ ಹಿಂದೆ ಬೆರಳ ತುದಿ ತೂರಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಸವರಿದಳು.

"ಮೂರು ಗೆರೆ," ಎಂದಳು. "ಒಂದಲ್ಲ, ಮೂರು. ನಿನ್ನೆ ಗಾಬರೀಲಿ ನಾನು ಸರಿಯಾಗಿ ಮುಟ್ಟಿಯೇ ನೋಡ್ಲಿಲ್ಲ."

ಸ್ಟೂಲಿನ ಮೇಲೆ ಕುಸಿದು ಕೂತಳು. ಅವಳ ಭುಜ ಅಲುಗತೊಡಗಿತು. ಅಜ್ಜಿ ಅಳುತ್ತಿದ್ದಾಳೆ ಎಂದುಕೊಂಡು ಇಲಿಮರಿ ಹೆದರಿದಳು. ಬಗ್ಗಿ ಮುಖ ನೋಡಿದರೆ ಅಜ್ಜಿ ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು.

"ನನ್ನ ಕೈ ಅಲ್ಲ. ಅಲ್ಲಾ ಕಣೇ, ನನ್ನ ಕೈ ಅಲ್ಲ!" ಅಂದಳು. ಆಮೇಲೆ ಮನೆಯ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕರೆದಳು. "ಏ ಮಗನೇ, ಬಾರೋ ಇಲ್ಲಿ. ಬೇಗ ಬಾ."

ಅಪ್ಪ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಓಡಿಬಂದ. ಅಜ್ಜಿ ನಡೆದದ್ದನ್ನೆಲ್ಲ ಹೇಳುತ್ತಾ ಅವನ ಮುಂದೆ ಎರಡೂ ಕೈ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದಳು. ಪರೀಕ್ಷೆಯಲ್ಲಿ ಫಸ್ಟ್ ಬಂದ ಹುಡುಗಿ ಮಾರ್ಕ್ಸ್ ಕಾರ್ಡು ತೋರಿಸುವ ಹಾಗಿತ್ತು.

ಇಲಿಮರಿ ಬೈಗುಳ ತಿನ್ನಲು ತಯಾರಾಗಿ ಬಂದಿದ್ದಳು. ಅಜ್ಜಿಯ ಇಂಥ ಖುಷಿ ನೋಡಲು ಅವಳು ತಯಾರಾಗಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅಜ್ಜಿಯ ಮನಸ್ಸಿನಲ್ಲಿ ಏನು ಕೂತಿತ್ತು ಅನ್ನುವುದು ಈಗ, ಅದು ಇಳಿದ ಮೇಲೆ, ಅವಳಿಗೆ ತಿಳಿಯಿತು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಹಾಗಂತ ಬೈಗುಳ ತಪ್ಪಿತೇ? ಬಾಯಿ ಮುಕ್ಕಳಿಸಿಕೊಂಡು ಬಂದು ಅಪ್ಪ ಶುರುಮಾಡಿದ. "ಗೀರು ಯಾರಿಂದಾದ್ರೂ ಬೀಳತ್ತೆ. ನಿನ್ನೆ ನೀನು ಇಲ್ಲೇ ಇದ್ಯಲ್ಲ. ಅಜ್ಜಿ ಒಳಗೆ ಹೋಗಿದ್ದು ನೋಡ್ತಾ ಟೈರು ಉಜ್ತಾ ಇದ್ದೆ ನೀನು."

ಇಲಿಮರಿ ತಲೆ ತಗ್ಗಿಸಿದಳು.

"ನೀನೂ ಇಲ್ಲೇ ಇದ್ದೆ," ಎಂದಳು ಅಜ್ಜಿ ಅಪ್ಪನಿಗೆ. "ಎಷ್ಟು ಗೆರೆ ಅಂತ ಎಣಿಸ್ದೇ ವಯಸ್ಸಾಯ್ತು ಅಂದ್ಬಿಟ್ಟೆ. ನಿಂಗೂ ಒಂದು ಕನ್ನಡಕ ತರೋಣ."

ಅಪ್ಪ ಇಂಗು ತಿಂದ ಮಂಗನಂತಾದ. "ತಪ್ಪಾಯ್ತಮ್ಮ," ಎಂದ.

"ಟೇಪ್ ಬಿಚ್ಕೊಂಡಿದ್ದು ನಂಗೆ ಕಾಣ್ಲಿಲ್ಲ, ಅದಂತೂ ನಿಜ," ಎಂದಳು ಅಜ್ಜಿ. "ನಾಳೆ ಕಣ್ಣು ಡಾಕ್ಟರ ಹತ್ರ ಕರ್ಕೊಂಡು ಹೋಗು. ಅಲ್ಲೀವರೆಗೂ ಕೈ ನಂದು, ಕಣ್ಣು ಇವಳದು."

ಅಪ್ಪ ಕಿರುಬೆರಳ ತುದಿ ತೂರಿಸಿ ಗೀರಿನ ಮೇಲೆ ಮೆಲ್ಲಗೆ ಉಗುರು ಆಡಿಸಿದ. ಉಗುರು ಸಿಕ್ಕಿಕೊಳ್ಳಲಿಲ್ಲ. ಗೀರು ಆಳಕ್ಕೆ ಇಳಿದಿಲ್ಲ, ಪಾಲಿಶ್ ಹಾಕಿದರೆ ಮುಕ್ಕಾಲು ಪಾಲು ಹೋಗುತ್ತದೆ ಎಂದ. ಆದರೆ ಅಪ್ಪನ ಕೈ ಆ ಸಂದಿಗೆ ಹೋಗುವುದಿಲ್ಲ, ಅಜ್ಜಿಗೆ ಗೀರು ಕಾಣುವುದಿಲ್ಲ. ಬ್ರಷ್ಷಿನಿಂದ ಪಾಲಿಶ್ ಆಗುವುದಿಲ್ಲ. ಅಪ್ಪ ಇಲಿಮರಿಯನ್ನು ನೋಡಿದ.

"ಮೊದ್ಲು ಡಬ್ಬಿ," ಎಂದ.

ಇಲಿಮರಿ ಡಬ್ಬಿಯ ಹತ್ತಿರ ಹೋಗಿ ನಿಂತಳು. ಜುಟ್ಟುವಿನ ಮಾತು ನೆನಪಾಯಿತು. ಯಾರು ಫಸ್ಟ್ ಬಿಚ್ತಾರೋ ಅವರು ಫ್ರೆಂಡೇ ಅಲ್ಲ. ಗಂಟಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತಳು.

ಪಕ್ಕಕ್ಕೆ ಅಜ್ಜಿ ಬಂದಳು. ಅವಳು ಆಗಲೇ ಒಳಗೆ ಹೋಗಿ ಕೆಲಸದ ಬಟ್ಟೆ ಉಟ್ಟು ಬಂದಿದ್ದಳು. ಬೆರಳಿಗೆ ಸೋಪು ಸವರಿ, ಉಂಗುರ ತಿರುವಿ ತೆಗೆದು ಹಾಕಿದಳು. 'ಟಿಣ್.'

"ಅಜ್ಜಿ, ದಿನಾ ಬಿಚ್ತೀಯಲ್ಲ. ಅಜ್ಜಂಗೆ ಬೇಜಾರಾಗ್ತಿರ್ಲಿಲ್ವಾ?"

"ಡಬ್ಬಿ ತಂದಿಟ್ಟಿದ್ದೇ ನಿಮ್ಮಜ್ಜ ಕಣೇ," ಎಂದು ಅಜ್ಜಿ ಬೆರಳನ್ನು ಮುಂದೆ ಹಿಡಿದಳು. "ಉಂಗುರ ಎಲ್ಲಿರತ್ತೆ ಅಂತ ನೋಡು."

ಬೆರಳಿನ ಬುಡದ ಸುತ್ತ ಚರ್ಮ ಬೆಳ್ಳಗಾಗಿ, ಸ್ವಲ್ಪ ತಗ್ಗಾಗಿತ್ತು. ಉಂಗುರ ಇಲ್ಲದೆಯೂ ಉಂಗುರ ಅಲ್ಲೇ ಇದ್ದಂತಿತ್ತು. ದಿನಾ ಬಿಚ್ಚಿದರೂ ಆ ಗುರುತು ಹೋಗಿರಲಿಲ್ಲ.

ಇಲಿಮರಿ ಗಂಟು ಬಿಚ್ಚಿದಳು. ನಕ್ಷತ್ರಗಳು ಡಬ್ಬಿಗೆ ಬಿದ್ದಾಗ ಸಣ್ಣಗೆ ಸದ್ದಾಯಿತು.

ಮೆತ್ತನೆ ಬಟ್ಟೆಯ ತುದಿಗೆ ಬಟಾಣಿಯಷ್ಟು ಪಾಲಿಶ್ ತಗೊಂಡು ಅವಳು ಸಂದಿಗೆ ಕೈ ತೂರಿಸಿದಳು. ಬಟ್ಟೆ ಸುತ್ತದ, ಬ್ಯಾಂಡಿಲ್ಲದ ಕೈ ಈ ಸಲ ಸಲೀಸಾಗಿ ಹೋಯಿತು. "ಒತ್ತಬೇಡ. ಬೆಕ್ಕಿನ ತಲೆ ಸವರೋ ಹಾಗೆ," ಎಂದು ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಸವರಿದಳು, ಒರೆಸಿದಳು, ನೋಡಿದಳು, ಮತ್ತೆ ಸವರಿದಳು. ಒಂದು ಗೆರೆ ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದು ಮಾತ್ರ ಮಸುಕಾಯಿತೇ ಹೊರತು ಪೂರ್ತಿ ಹೋಗಲಿಲ್ಲ.

ಸಂಜೆ ಮಿಸ್ಸು ಬಂದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಇಲಿಮರಿ ಮುಂದೆ ಹೋದಳು. "ಮಿಸ್, ನಿಮ್ಮ ಕಾರಿಗೆ ಗೀರು ಬಿತ್ತು. ನನ್ನಿಂದ. ಪಾಲಿಶ್ ಮಾಡಿದೀನಿ, ಆದ್ರೂ ಸ್ವಲ್ಪ ಉಳ್ಕೊಂಡಿದೆ. ಸಾರಿ ಮಿಸ್." ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮಿಸ್ಸು ಬಗ್ಗಿ ಹುಡುಕಿದರು. ಇಲಿಮರಿ ಬೆರಳಿಟ್ಟು ತೋರಿಸಬೇಕಾಯಿತು.

"ಇದಾ?" ಎಂದರು. ಆಮೇಲೆ ಸ್ವಲ್ಪ ನಾಚಿಕೆಯಿಂದ, "ಹಿಂದುಗಡೆ ನೆಗ್ಗಿರೋದು ನೋಡಿಲ್ವಾ ನೀನು? ನಮ್ಮನೆ ಗೇಟಿಗೆ ನಾನೇ ಗುದ್ದಿದ್ದು," ಎಂದರು. ಕಾರಿನ ಸುತ್ತ ಒಂದು ಸುತ್ತು ಬಂದು ಮುಂದಿನ ಜಾಲರಿಯ ಹತ್ತಿರ ನಿಂತರು. "ಇದರ ಒಳಗೆಲ್ಲ ಇಷ್ಟು ಕ್ಲೀನಾಗಿ ಯಾರು ಮಾಡಿದ್ದು? ನಾನು ತಗೊಂಡಾಗಿಂದ ಇದು ಹಿಂಗೆ ಇರ್ಲಿಲ್ಲ."

"ನಾನು," ಎಂದಳು ಅಜ್ಜಿ ಸ್ಟೂಲಿನ ಮೇಲಿಂದಲೇ.

ಕಾರು ಹೋದ ಮೇಲೆ ಅಪ್ಪ ಬೆಲ್ಟು ಹಾಕಿಕೊಂಡ. ಅಜ್ಜಿ ಉಂಗುರ ಹಾಕಿಕೊಂಡಳು. ಇಲಿಮರಿಗೆ ಒಂದೇ ಕೈಯಲ್ಲಿ ಬ್ಯಾಂಡು ಕಟ್ಟಿಕೊಳ್ಳಲು ಬರಲಿಲ್ಲ. ಅಜ್ಜಿ ದಾರ ತಗೊಂಡು, ಕಣ್ಣು ಎಲ್ಲೋ ನೋಡುತ್ತಿರಲು, ಬೆರಳಲ್ಲೇ ಗಂಟು ಹಾಕಿದಳು.

"ಬಿಗಿ ಆಯ್ತಾ?"

"ಇಲ್ಲಜ್ಜಿ, ಸರಿಯಾಗಿದೆ."

ನಾಳೆ ಜುಟ್ಟುವಿಗೆ ಹೇಳಬೇಕು. ಅವಳು ಮುನಿಸಿಕೊಳ್ಳಬಹುದು, ಲಂಚ್ ಬ್ರೇಕಿನಲ್ಲಿ ಬೇರೆ ಕಡೆ ಹೋಗಿ ಕೂರಬಹುದು. ಆಗ ಅವಳನ್ನು ಶೆಡ್ಡಿಗೆ ಕರೆದುಕೊಂಡು ಬಂದು ಡಬ್ಬಿ ತೋರಿಸಬೇಕು, ಅಜ್ಜಿಯ ಬೆರಳನ್ನೂ ತೋರಿಸಬೇಕು, ಅಂದುಕೊಂಡಳು ಇಲಿಮರಿ. ಶರ್ಟಿನ ತೋಳು ಅಭ್ಯಾಸಬಲದಿಂದ ಮಣಿಕಟ್ಟಿನವರೆಗೆ ಇಳಿದಿತ್ತು. ಅದನ್ನು ಮೊಣಕೈವರೆಗೆ ಮಡಚಿಕೊಂಡು ಅಜ್ಜಿಯ ಸ್ಟೂಲನ್ನು ಎತ್ತಿ ಶೆಡ್ಡಿನೊಳಗೆ, ಅದು ಯಾವಾಗಲೂ ಇರುವ ಜಾಗದಲ್ಲಿಟ್ಟಳು.